ಫ್ರೀ ಆ್ಯಪ್ ಆರಿಸುವ ಮೊದಲು ಅದರ ಜಾಹೀರಾತು ನೋಡಿ

ಕೇಬಲ್ ತೆಗೆಸಿ ವೈಫೈ ಹಾಕಿಸಿಕೊಂಡ ಮನೆಗಳು ಈಗ ನಮ್ಮ ಜಮಾಅತ್‌ಗಳಲ್ಲಿ ದಿನೇ ದಿನೇ ಹೆಚ್ಚುತ್ತಿವೆ. ಗಲ್ಫಿನಿಂದ ರಜೆಗೆ ಬಂದ ಮಗನೋ ಅಳಿಯನೋ ಗೋಡೆಗೆ ದೊಡ್ಡದೊಂದು ಸ್ಮಾರ್ಟ್ ಟಿವಿ ಹಾಕಿಸಿ ಹೋಗಿರುತ್ತಾನೆ. ಅವನು ವಿಮಾನ ಹತ್ತಿದ ಮೇಲೆ ಮನೆಯಲ್ಲಿ ಉಳಿದವರಿಗೆ ಯಾವ ಬಟನ್ ಒತ್ತಿದರೆ ಏನು ಬರ್ತದೆ ಎಂಬುದೇ ಗೊಂದಲ. ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಚಂದಾ ಕೇಳುವ ಆ್ಯಪ್‌ಗಳು ಒಂದು ಕಡೆ. ಏನೂ ಕೇಳದೆ ಸಿನೆಮಾ, ಧಾರಾವಾಹಿ, ಕಾರ್ಟೂನ್ ತೋರಿಸುವ ಆ್ಯಪ್‌ಗಳು ಇನ್ನೊಂದು ಕಡೆ. ಹೆಚ್ಚಿನವರ ಕೈ ಹೋಗುವುದು ಎರಡನೆಯದಕ್ಕೆ. "ದುಡ್ಡು ಕೊಡದೆ ನೋಡ್ಲಿಕ್ಕೆ ಯಾವುದು ಒಳ್ಳೇದು ಉಸ್ತಾದ್?" ಎಂದು ಹೆತ್ತವರ ಸಭೆಗೆ ಬಂದ ಉಮ್ಮಂದಿರು ಈಗ ನಮ್ಮಲ್ಲೇ ಕೇಳುತ್ತಾರೆ.

ಮದ್ರಸದ ಉಸ್ತಾದರಿಗೆ ಇದೆಂಥ ವಿಷಯ ಎಂದು ಕೆಲವರಿಗೆ ಅನಿಸಬಹುದು. ಸಿನೆಮಾ ನೋಡುವುದು ಸರಿಯಾ ತಪ್ಪಾ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಆ ಬಗ್ಗೆ ನಮ್ಮ ಉಲಮಾಗಳು ಹೇಳಿದ್ದು ಎಲ್ಲರಿಗೂ ಗೊತ್ತುಂಟು, ಮಿಂಬರಿನಿಂದ ಕೇಳಿಯೂ ಆಗಿದೆ. ಆದರೆ ಟಿವಿ ಹೊರಗೆ ನಿಂತಿಲ್ಲ, ಒಳಗೆ ಬಂದು ಕೂತಿದೆ. ಮೊಬೈಲಂತೂ ಮಗುವಿನ ಊಟದ ಬಟ್ಟಲಿನ ಪಕ್ಕದಲ್ಲೇ ಇದೆ. ಹಾಗಿರುವಾಗ ಒಳಗೆ ಏನು ಬರ್ತಾ ಉಂಟು ಎಂದು ನೋಡುವುದು ಬಿಟ್ಟು ಬಾಗಿಲಿಗೆ ಬೆನ್ನು ತಿರುಗಿಸಿ ಕೂತರೆ ಪ್ರಯೋಜನ ಇಲ್ಲ.

ಮೊದಲು ಈ 'ಫ್ರೀ' ಎಂಬ ಮಾತನ್ನು ನೋಡುವ. ನಮ್ಮ ಊರಿನಲ್ಲಿ ದಫ್ ಸ್ಪರ್ಧೆ ನಡೆಯುತ್ತದೆ. ನೋಡಲು ಬಂದವರಿಗೆ ಟಿಕೆಟ್ ಇಲ್ಲ, ಕುರ್ಚಿಯೂ ಫ್ರೀ, ಚಹಾವೂ ಫ್ರೀ. ಹಾಗಾದರೆ ಪೆಂಡಾಲಿಗೆ, ಮೈಕಿಗೆ, ತೀರ್ಪುಗಾರರ ಪ್ರಯಾಣಕ್ಕೆ ದುಡ್ಡು ಎಲ್ಲಿಂದ? ವೇದಿಕೆಯ ಹಿಂದಿನ ಬ್ಯಾನರ್ ನೋಡಿದರೆ ಗೊತ್ತಾಗುತ್ತದೆ. ಚಿನ್ನದ ಅಂಗಡಿ, ಬಟ್ಟೆ ಅಂಗಡಿ, ಉಮ್ರಾ ಟ್ರಾವೆಲ್ಸ್, ಸಿಮೆಂಟು, ಟೈಲ್ಸ್. ಆ ಪ್ರಾಯೋಜಕರೇ ದುಡ್ಡು ಕೊಡುವವರು. ಫ್ರೀ ಆ್ಯಪ್ ನಡೆಯುವುದೂ ಇದೇ ಲೆಕ್ಕದಲ್ಲಿ. ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು. ದಫ್ ಸ್ಪರ್ಧೆಗೆ ಬಾರ್‌ನವರು ಬಂದು 'ಒಂದು ಲಕ್ಷ ಕೊಡ್ತೇವೆ, ನಮ್ಮ ಬೋರ್ಡು ಹಾಕಿ' ಎಂದರೆ ಕಮಿಟಿ ಒಪ್ಪುವುದಿಲ್ಲ. ಬಡ್ಡಿ ಅಂಗಡಿಯವನ ಹೆಸರೂ ಪಳ್ಳಿಯ ಮೈದಾನದಲ್ಲಿ ಬರುವುದಿಲ್ಲ. ಮನೆಯ ಟಿವಿಯಲ್ಲಿ ಬರುವ ಪ್ರಾಯೋಜಕರನ್ನು ಪರಿಶೀಲಿಸುವ ಕಮಿಟಿ ಯಾವುದು? ಯಾವುದೂ ಇಲ್ಲ. ಅಲ್ಲಿ ಯಾರು ಹೆಚ್ಚು ಕೊಡ್ತಾರೋ ಅವರ ಬೋರ್ಡು.

ಆದ್ದರಿಂದ ನಮ್ಮ ಸಲಹೆ ಇಷ್ಟೇ: ಫ್ರೀ ಆ್ಯಪ್ ಆರಿಸುವಾಗ ಅದರಲ್ಲಿ ಎಷ್ಟು ಸಿನೆಮಾ ಉಂಟು ಎಂದು ನೋಡಬೇಡಿ, ಯಾವ ಜಾಹೀರಾತು ಬರ್ತದೆ ಎಂದು ನೋಡಿ. ಸಿನೆಮಾವನ್ನು ನಾವು ಆರಿಸುತ್ತೇವೆ, ಬೇಡವಾದರೆ ಬಿಡುತ್ತೇವೆ. ಜಾಹೀರಾತನ್ನು ನಾವು ಆರಿಸುವುದಿಲ್ಲ, ಅದು ನಮ್ಮನ್ನು ಆರಿಸುತ್ತದೆ.

ಆರಿಸುವುದು ಹೇಗೆ ಎಂದು ತಿಳಿದುಕೊಳ್ಳಬೇಕು. ಹಿಂದೆ ಟಿವಿ ಚಾನೆಲಿನಲ್ಲಿ ಬರುತ್ತಿದ್ದ ಸೋಪಿನ ಜಾಹೀರಾತು ಉಳ್ಳಾಲದ ಮನೆಗೂ ಒಂದೇ, ಉಡುಪಿಯ ಮನೆಗೂ ಒಂದೇ. ಈಗ ಹಾಗಲ್ಲ. ಯಾವ ಅಕೌಂಟಿನಲ್ಲಿ ಆ್ಯಪ್ ತೆರೆದಿದೆ, ಆ ಅಕೌಂಟಿನವರ ವಯಸ್ಸೇನು, ಊರು ಯಾವುದು, ಅವರು ಏನು ಹುಡುಕಿದ್ದಾರೆ, ಏನು ನೋಡಿದ್ದಾರೆ ಎಂಬುದೆಲ್ಲ ಸೇರಿ ಜಾಹೀರಾತು ನಿರ್ಧಾರವಾಗುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಟಿವಿಗೆ ಹಾಕಿದ ಅಕೌಂಟು ಯಾರದು? ಟಿವಿ ತಂದ ಇಪ್ಪತ್ತೈದು ವರ್ಷದ ಮಗನದ್ದು. ಅವನು ದಮ್ಮಾಮಿನ ರೂಮಿನಲ್ಲಿ ಕೂತು ರಾತ್ರಿ ಏನು ಹುಡುಕಿದನೋ ಅದರ ಲೆಕ್ಕದಲ್ಲಿ ಇಲ್ಲಿ ಅವನ ಉಮ್ಮನಿಗೂ, ತಂಗಿಗೂ, ಎಂಟು ವರ್ಷದ ತಮ್ಮನಿಗೂ ಜಾಹೀರಾತು ಬರಬಹುದು. ಅವನದ್ದು ತಪ್ಪು ಹುಡುಕಾಟ ಎಂದಲ್ಲ. ಸಾಲ, ಮದುವೆ, ಕ್ರಿಕೆಟ್, ಕೂದಲು ಉದುರುವುದು ಇಷ್ಟೇ ಇದ್ದರೂ ಸಾಕು. ಇಪ್ಪತ್ತೈದರ ಯುವಕನಿಗೆಂದು ಲೆಕ್ಕ ಹಾಕಿದ ಜಾಹೀರಾತು ಎಂಟು ವರ್ಷದವನ ಕಾರ್ಟೂನಿನ ನಡುವೆ ಬಂದು ಕೂರುತ್ತದೆ.

ಇದನ್ನು ಬಾಯಿಮಾತಿನಲ್ಲಿ ಹೇಳುವ ಬದಲು ಪರೀಕ್ಷೆ ಮಾಡಿಯೇ ನೋಡುವ ಎಂದು ನಾವು ಮತ್ತು ನಾಲ್ಕೈದು ಹೆತ್ತವರು ಒಂದು ಕೆಲಸ ಮಾಡಿದೆವು. ಅವರವರ ಮನೆಯಲ್ಲಿ ಇಶಾ ನಮಾಝಿನ ನಂತರ ಅರ್ಧ ಗಂಟೆ ಪೆನ್ನು, ಕಾಗದ ಹಿಡಿದು ಕೂರುವುದು. ಕಾರ್ಯಕ್ರಮ ಯಾವುದೇ ಇರಲಿ, ಬರೆಯುವುದು ಜಾಹೀರಾತು ಮಾತ್ರ. ಮರುದಿನ ಕಾಗದ ಒಟ್ಟು ಸೇರಿಸಿದಾಗ ಸೋಪು, ಬಿಸ್ಕತ್ತು, ಬೈಕು, ಫ್ಲ್ಯಾಟು ಇವೆಲ್ಲ ಇದ್ದವು. ಜೊತೆಗೆ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್ ಇತ್ತು. ಸೋಡಾದ ಹೆಸರಿನಲ್ಲಿ ಮದ್ಯದ ಕಂಪನಿಯ ಗುರುತು ಇತ್ತು. ಅಪರಿಚಿತ ಹುಡುಗಿಯರ ಜೊತೆ ಮಾತಾಡಿಸುವ ಆ್ಯಪ್ ಇತ್ತು. ಒಂದು ಮನೆಯಲ್ಲಿ ಕಾರ್ಯಕ್ರಮಕ್ಕಿಂತ ಜಾಹೀರಾತೇ ಜಾಸ್ತಿ ಎಂದು ಆ ಬಾಪ ಹೇಳಿದರು. ಇನ್ನೊಂದು ಮನೆಯಲ್ಲಿ, ಅದೇ ಆ್ಯಪ್, ಅಂಥದ್ದು ಒಂದೂ ಇಲ್ಲ. ಯಾಕೆಂದರೆ ಅಲ್ಲಿ ಅಕೌಂಟು ಮನೆಯ ಹಿರಿಯ ಹೆಂಗಸಿನದ್ದು, ಅವರು ನೋಡುವುದು ಅಡುಗೆ ಮತ್ತು ನಅತ್ ಮಾತ್ರ. ಒಂದೇ ಆ್ಯಪ್ ಎರಡು ಮನೆಯಲ್ಲಿ ಎರಡು ಮುಖ ತೋರಿಸಿತು. ಹಾಗಾಗಿ ಪಕ್ಕದ ಮನೆಯವರು ಒಳ್ಳೇದು ಅಂದರು ಎಂದು ನೀವೂ ಹಾಕಿಕೊಂಡರೆ ಸಾಲದು, ನಿಮ್ಮ ಮನೆಯಲ್ಲೇ ಅರ್ಧ ಗಂಟೆ ಕೂತು ನೋಡಬೇಕು.

ಜೂಜಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸೂರಾ ಅಲ್ ಮಾಇದಾದ 90ನೇ ಆಯತ್‌ನಲ್ಲಿ ಮದ್ಯವನ್ನೂ ಜೂಜನ್ನೂ ಒಟ್ಟಿಗೆ ಹೆಸರಿಸಿ ದೂರವಿರಲು ಆಜ್ಞೆಯಾಗಿದೆ ಎಂಬುದು ಮದ್ರಸದ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಮಕ್ಕಳ ಮನಸ್ಸಿನಲ್ಲಿ ಜೂಜು ಎಂದರೆ ಇಸ್ಪೀಟು, ಕೋಳಿ ಅಂಕ, ಮಟ್ಕಾ. ಮೊಬೈಲಿನಲ್ಲಿ ತಂಡ ಕಟ್ಟಿ ದುಡ್ಡು ಹಾಕುವುದು ಅವರಿಗೆ 'ಗೇಮ್'. ಕೆಲವು ವರ್ಷ ಅಂಥ ಆಟದ ಕಂಪನಿಯ ಹೆಸರು ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆಯೇ ಇತ್ತಲ್ಲ, ಮಕ್ಕಳಿಗೆ ಅದು ತಪ್ಪು ಎಂದು ಹೇಗೆ ಅನಿಸಬೇಕು? 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕಾನೂನು ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಒಳ್ಳೆಯ ಕೆಲಸ. ಆದರೂ ಹೊರದೇಶದಲ್ಲಿ ಕೂತ ಬೆಟ್ಟಿಂಗ್‌ನವರು ಸುದ್ದಿ ವೆಬ್‌ಸೈಟು, ಕ್ರೀಡಾ ಅಂಗಿ ಎಂದು ವೇಷ ಹಾಕಿಕೊಂಡು ಬರುವುದು ಪೂರ್ತಿ ನಿಂತಿಲ್ಲ.

ನಮಗೆ ಪರಿಚಯದ ಒಂದು ಮನೆಯ ಕಥೆ ಹೇಳ್ತೇವೆ, ಗುರುತು ಬೇಡ. ಬಾಪ ವಿದೇಶದಲ್ಲಿ. ತಿಂಗಳ ಖರ್ಚಿನ ದುಡ್ಡು ಉಮ್ಮನ ಖಾತೆಗೆ ಬರುತ್ತದೆ, ಯುಪಿಐ ಅವರ ಮೊಬೈಲಿನಲ್ಲೇ. ಒಂಬತ್ತನೇ ಕ್ಲಾಸಿನ ಮಗ ಅದೇ ಮೊಬೈಲಿನಲ್ಲಿ ಫ್ರೀ ಸಿನೆಮಾ ನೋಡುತ್ತಿದ್ದ. ನಡುವೆ ಬಂದ ಜಾಹೀರಾತು ಒತ್ತಿದ, ಆಟ ಇನ್‌ಸ್ಟಾಲ್ ಆಯ್ತು. ಮೊದಲ ಐವತ್ತು ರೂಪಾಯಿ ಅವರೇ ಕೊಟ್ಟರು, ಅದು ನೂರೈವತ್ತು ಆಯ್ತು. ಮಗನಿಗೆ ಉಮ್ಮನ ಪಿನ್ ಗೊತ್ತಿತ್ತು, ಯಾಕೆಂದರೆ ಅಂಗಡಿಯಲ್ಲಿ ದುಡ್ಡು ಕಳಿಸಿಕೊಡುವುದು ಅವನೇ. ರೇಷನ್, ಕರೆಂಟು ಬಿಲ್ಲು, ತಂಗಿಯ ಶಾಲೆಯ ಫೀಸು ಎಂದು ಇಟ್ಟದ್ದು ಒಂದು ವಾರದಲ್ಲಿ ಖಾಲಿ. ಹುಡುಗ ಹೆದರಿ ಎರಡು ದಿನ ಮನೆಗೆ ಬರಲಿಲ್ಲ, ಅಜ್ಜಿಯ ಮನೆಯಲ್ಲಿ ಸಿಕ್ಕಿದ. ದುಡ್ಡು ಸಿಗಲಿಲ್ಲ. ಬಾಪ ಫೋನಿನಲ್ಲಿ ಹೇಳಿದ್ದು ಒಂದೇ ಮಾತು, "ನಾನು ಇಲ್ಲಿ ಓವರ್‌ಟೈಮ್ ಮಾಡಿದ್ದು ಇದಕ್ಕಾ?" ಆ ಮನೆಯಲ್ಲಿ ಸಿನೆಮಾಕ್ಕೆಂದು ಒಂದು ರೂಪಾಯಿ ಖರ್ಚಾಗಿರಲಿಲ್ಲ.

ಸಾಲದ ಆ್ಯಪಿನದ್ದೂ ಇದೇ ದಾರಿ. ಬಡ್ಡಿಯ ಪಾಪ ಒಂದು ಕಡೆ. ಸಾಲ ಕೊಡುವ ಮೊದಲು ಅವರು ಮೊಬೈಲಿನ ಕಾಂಟ್ಯಾಕ್ಟ್, ಫೋಟೋಗಳಿಗೆ ಅನುಮತಿ ತೆಗೆದುಕೊಂಡು, ಕಂತು ತಪ್ಪಿದರೆ ಮನೆಯ ಹೆಂಗಸರ ಫೋಟೋ ಇಟ್ಟು ಬೆದರಿಸಿದ ಪ್ರಕರಣಗಳನ್ನು ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇವೆ. ಗಂಡ ದೂರದಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರೆ, ಈ ಜಾಹೀರಾತು ಯಾರಿಗೆ ಗುರಿ ಇಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಯಾವ ಆ್ಯಪ್ ಎಂಬ ಪ್ರಶ್ನೆಗೆ ಬರುವ.

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ನೋಡುವುದು ಯೂಟ್ಯೂಬ್. ಬ್ಯಾರಿ ಹಾಡು, ಬ್ಯಾರಿ ಹಾಸ್ಯದ ಕಿರುಚಿತ್ರ, ಮಲಯಾಳಂ ಮಾಪ್ಪಿಳ ಪಾಟ್ಟು, ಉಸ್ತಾದರುಗಳ ಪ್ರವಚನ ಎಲ್ಲ ಸಿಗುವುದು ಅಲ್ಲೇ. ನಮ್ಮ ಭಾಷೆಯ ಮೊದಲ ಚಲನಚಿತ್ರ 'ಬ್ಯಾರಿ' 2011ರ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರದೊಂದಿಗೆ ಹಂಚಿಕೊಂಡಿತು. ಆದರೂ ದೊಡ್ಡ ಕಂಪನಿಗಳ ಆ್ಯಪ್‌ಗಳಲ್ಲಿ ಬ್ಯಾರಿ ಎಂಬ ಭಾಷೆಯೇ ಪಟ್ಟಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಯೂಟ್ಯೂಬ್ ಬಿಡಿ ಎಂದು ನಾವು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಆದರೆ ಯೂಟ್ಯೂಬಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸೌಲಭ್ಯ ಉಂಟು. ಗೂಗಲ್ ಅಕೌಂಟಿನಲ್ಲಿ 'ಮೈ ಆ್ಯಡ್ ಸೆಂಟರ್' ಎಂಬ ಜಾಗ ಇದೆ. ಅದರೊಳಗೆ ಮದ್ಯ, ಜೂಜು, ಡೇಟಿಂಗ್, ತೂಕ ಇಳಿಸುವುದು, ಗರ್ಭಧಾರಣೆ ಮತ್ತು ಮಕ್ಕಳ ಪಾಲನೆ ಎಂಬ ವಿಷಯಗಳ ಜಾಹೀರಾತು ಕಡಿಮೆ ಮಾಡಿ ಎಂದು ಹೇಳುವ ಸ್ವಿಚ್‌ಗಳಿವೆ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ನಮ್ಮ ಹೆತ್ತವರ ಗುಂಪಿನಲ್ಲಿ ಇದನ್ನು ಮಾಡಿಕೊಂಡವರು ವ್ಯತ್ಯಾಸ ಉಂಟು ಎಂದೇ ಹೇಳಿದರು. ನಿಮ್ಮ ಆಸಕ್ತಿ ನೋಡಿ ಜಾಹೀರಾತು ಕಳಿಸುವುದನ್ನೇ ಪೂರ್ತಿ ಬಂದ್ ಮಾಡುವ ಸ್ವಿಚ್ ಕೂಡ ಅಲ್ಲೇ ಇದೆ. ಅದನ್ನು ಬಂದ್ ಮಾಡಿದರೆ ಜಾಹೀರಾತು ನಿಲ್ಲುವುದಿಲ್ಲ, ಆದರೆ ನಿಮ್ಮ ಬೆನ್ನು ಹತ್ತಿ ಬರುವುದು ನಿಲ್ಲುತ್ತದೆ. ಟಿವಿಯಲ್ಲಿ ಯಾವ ಅಕೌಂಟು ಇದೆಯೋ ಅದೇ ಅಕೌಂಟಿನಲ್ಲಿ ಇದನ್ನು ಮಾಡಬೇಕು, ಬೇರೆ ಅಕೌಂಟಿನಲ್ಲಿ ಮಾಡಿದರೆ ಟಿವಿಗೆ ಏನೂ ಆಗುವುದಿಲ್ಲ.

ಸಣ್ಣ ಮಕ್ಕಳಿಗೆ 'ಯೂಟ್ಯೂಬ್ ಕಿಡ್ಸ್' ಬೇರೆಯೇ ಆ್ಯಪ್. ಅದರಲ್ಲಿ ಹೆತ್ತವರು ಒಪ್ಪಿದ ವೀಡಿಯೋ ಮಾತ್ರ ಕಾಣುವ ಹಾಗೆ ಮಾಡಬಹುದು, ಆಗ ಮಗುವಿಗೆ ಹುಡುಕುವ ಜಾಗವೇ ಇರುವುದಿಲ್ಲ. ಟೈಮರ್ ಇಟ್ಟರೆ ಸಮಯ ಆದ ಕೂಡಲೇ ತಾನಾಗಿ ನಿಲ್ಲುತ್ತದೆ. ಜಾಹೀರಾತು ಇದೆ, ಆದರೆ ತಿಂಡಿ-ಪಾನೀಯದ ಜಾಹೀರಾತಿಗೆ ಅವಕಾಶ ಇಲ್ಲ, ಜಾಹೀರಾತು ಒತ್ತಿ ಇನ್ನೊಂದು ಅಂಗಡಿಗೆ ಹೋಗಲೂ ಆಗುವುದಿಲ್ಲ. ದೊಡ್ಡವರ ಯೂಟ್ಯೂಬಿನಲ್ಲೂ 'ಮಕ್ಕಳಿಗಾಗಿ' ಎಂದು ಗುರುತಿಸಿದ ವೀಡಿಯೋಗಳಿಗೆ ಆಸಕ್ತಿ ನೋಡಿ ಜಾಹೀರಾತು ಕಳಿಸುವುದನ್ನು 2020ರಿಂದ ನಿಲ್ಲಿಸಿದ್ದಾರೆ. ಅದು ಕಂಪನಿಗೆ ತಾನಾಗಿ ಬಂದ ಬುದ್ಧಿ ಅಲ್ಲ. ಮಕ್ಕಳ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಬೇಕಾಗಿ ಬಂದ ಮೇಲೆ ಆದದ್ದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಅಂಶಗಳು ಜಾರಿಯಾಗಲು ಕಂಪನಿಗಳಿಗೆ ಹದಿನೆಂಟು ತಿಂಗಳ ಸಮಯ ಕೊಟ್ಟಿದ್ದಾರೆ. ಅಲ್ಲಿವರೆಗೆ ಮಕ್ಕಳು ಕಾಯುತ್ತಾ ಕೂರುವುದಿಲ್ಲ.

ಸರಕಾರದ್ದೇ ಆದ 'ವೇವ್ಸ್' ಎಂಬ ಆ್ಯಪ್ ಬಗ್ಗೆ ನಮ್ಮವರಿಗೆ ಗೊತ್ತಿರುವುದು ಕಡಿಮೆ. ಪ್ರಸಾರ ಭಾರತಿ ಇದನ್ನು 2024ರ ನವೆಂಬರ್ 20ರಂದು ಗೋವಾದ ಚಲನಚಿತ್ರೋತ್ಸವದಲ್ಲಿ ಆರಂಭಿಸಿತು. ದೂರದರ್ಶನ ಚಂದನ ನೇರ ಬರುತ್ತದೆ, ಆಕಾಶವಾಣಿಯೂ ಸಿಗುತ್ತದೆ, 'ಹಮ್ ಲೋಗ್', 'ಫೌಜಿ'ಯಂಥ ಹಳೆಯ ಧಾರಾವಾಹಿಗಳೂ ಇವೆ. ನಮ್ಮ ವಯಸ್ಸಿನವರಿಗೆ ಆಂಟೆನಾ ತಿರುಗಿಸಿ ನೋಡಿದ ಕಾಲ ನೆನಪಾಗುತ್ತದೆ. ಹೊಸ ಸಿನೆಮಾ ಬೇಕು ಎನ್ನುವ ಹುಡುಗರಿಗೆ ಇದು ಸಪ್ಪೆ. ಆದರೆ ವಯಸ್ಸಾದವರು, ವಾರ್ತೆ ನೋಡುವವರು ಇರುವ ಮನೆಗೆ ನಾವು ಮೊದಲು ಹೇಳುವುದು ಇದನ್ನೇ. ಆಟ, ಆನ್‌ಲೈನ್ ಅಂಗಡಿಯನ್ನೂ ಅದರೊಳಗೆ ಸೇರಿಸಿಟ್ಟಿದ್ದಾರೆ. ವಾರ್ತೆ ನೋಡುವ ಜಾಗದಲ್ಲಿ ಅಂಗಡಿ ಯಾಕೋ ನಮಗೆ ಅರ್ಥವಾಗಲಿಲ್ಲ.

ಎಂಎಕ್ಸ್ ಪ್ಲೇಯರ್ ಹಳೆಯ ಪರಿಚಯ. ಮೊಬೈಲಿಗೆ ಫೈಲ್ ಹಾಕಿ ವೀಡಿಯೋ ನೋಡಲು ಎಲ್ಲರೂ ಇಟ್ಟುಕೊಳ್ಳುತ್ತಿದ್ದ ಆ್ಯಪ್. 2019ರಿಂದ ಅದು ಸಿನೆಮಾ, ಸರಣಿ ತೋರಿಸುವ ಆ್ಯಪ್ ಆಯಿತು, 2024ರ ಅಕ್ಟೋಬರ್‌ನಲ್ಲಿ ಅಮೆಝಾನಿನ ಕೈ ಸೇರಿ 'ಅಮೆಝಾನ್ ಎಂಎಕ್ಸ್ ಪ್ಲೇಯರ್' ಎಂದಾಯಿತು. ಚಂದಾ ಇಲ್ಲ, ಪೂರ್ತಿ ಜಾಹೀರಾತಿನ ಮೇಲೆ ನಡೆಯುತ್ತದೆ. ಟರ್ಕಿಯ, ಕೊರಿಯಾದ ಧಾರಾವಾಹಿಗಳು ಹಿಂದಿಗೆ ಡಬ್ ಆಗಿ ಬರುವುದರಿಂದ ನಮ್ಮ ಹೆಣ್ಣುಮಕ್ಕಳಲ್ಲಿ ಇದಕ್ಕೆ ಬೇಡಿಕೆ. ಆದರೆ ಅದರಲ್ಲಿರುವ ಅಪರಾಧದ, ದೊಡ್ಡವರ ಸರಣಿಗಳೂ ಅದೇ ಮೊದಲ ಪುಟದಲ್ಲಿ ಕಾಣುತ್ತವೆ. ಮಗುವಿನ ಕೈಗೆ ಕೊಡುವ ಮೊಬೈಲಿನಲ್ಲಿ ಇದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಕ್ರಿಕೆಟ್, ಫುಟ್‌ಬಾಲಿನವರು ಒಂದು ವಿಷಯ ನೆನಪಿಡಬೇಕು. 2022ರ ಖತರ್ ವಿಶ್ವಕಪ್ ಫುಟ್‌ಬಾಲನ್ನು ಜಿಯೋಸಿನೆಮಾ ಫ್ರೀ ತೋರಿಸಿತು. ನಮ್ಮ ಕರಾವಳಿಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್ ಹಾಕಿದ ಹುಡುಗರೆಲ್ಲ ನೋಡಿದ್ದು ಅದರಲ್ಲೇ. 2023ರ ಐಪಿಎಲ್ ಕೂಡ ಫ್ರೀ. ಆ ಫೈನಲನ್ನು ಒಂದೇ ಹೊತ್ತಿಗೆ 3.2 ಕೋಟಿ ಜನ ನೋಡಿದರು ಎಂದು ಕಂಪನಿಯೇ ಹೇಳಿಕೊಂಡಿತು. 2025ರ ಫೆಬ್ರವರಿ 14ರಂದು ಜಿಯೋಸಿನೆಮಾ ಮತ್ತು ಡಿಸ್ನಿ ಹಾಟ್‌ಸ್ಟಾರ್ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯಿತು, ಪೂರ್ತಿ ಫ್ರೀ ಎಂಬುದು ಅಲ್ಲಿಗೆ ಮುಗಿಯಿತು. ಸ್ವಲ್ಪ ನೋಡುವಷ್ಟು ಫ್ರೀ, ಆಮೇಲೆ ಚಂದಾ. ಹಸಿದವನಿಗೆ ಮೊದಲ ದಿನ ಬಿರಿಯಾನಿ ಪುಕ್ಕಟೆ ಕೊಟ್ಟು ಎರಡನೇ ದಿನ ಪ್ಲೇಟಿಗೆ ರೇಟು ಹೇಳಿದ ಹಾಗೆ. ದುಡ್ಡು ಕೊಟ್ಟರೆ ಜಾಹೀರಾತು ಇರುವುದಿಲ್ಲ ಎಂದು ತಿಳಿದವರೂ ಇದ್ದಾರೆ. ಜಿಯೋಹಾಟ್‌ಸ್ಟಾರಿನ ಕಡಿಮೆ ದರದ ಚಂದಾದಲ್ಲಿ ಜಾಹೀರಾತು ಇದ್ದೇ ಇದೆ. ಅಮೆಝಾನ್ ಪ್ರೈಮ್ ವೀಡಿಯೋದಲ್ಲಿ ಕೂಡ 2025ರ ಜೂನ್‌ನಿಂದ ಜಾಹೀರಾತು ಬರ್ತದೆ, ಬೇಡವಾದರೆ ಮತ್ತೆ ಬೇರೆ ದುಡ್ಡು ಕಟ್ಟಬೇಕು.

ಸ್ಯಾಮ್‌ಸಂಗ್ ಟಿವಿ ಇದ್ದವರಿಗೆ 'ಟಿವಿ ಪ್ಲಸ್' ಎಂಬ ಫ್ರೀ ಚಾನೆಲ್ ಪಟ್ಟಿ 2021ರಿಂದ ಟಿವಿಯೊಳಗೇ ಬರುತ್ತದೆ, ಹಳೆಯ ಕೇಬಲಿನ ಹಾಗೆ ಚಾನೆಲ್ ಬದಲಿಸಿ ನೋಡುವುದು. ಗಲ್ಫಿನಲ್ಲಿ ಸಂಸಾರ ಇಟ್ಟುಕೊಂಡವರು ಎಂಬಿಸಿಯವರ 'ಶಾಹಿದ್' ನೋಡುತ್ತಾರೆ, ಅದರಲ್ಲೂ ಒಂದು ಭಾಗ ಜಾಹೀರಾತಿನೊಂದಿಗೆ ಫ್ರೀ, ಉಳಿದದ್ದು ವಿಐಪಿ. ಅಲ್ಲಿದ್ದುಕೊಂಡು ಊರಿನ ಆ್ಯಪ್ ನೋಡಲು ವಿಪಿಎನ್ ಹಾಕುವ ಹುಡುಗರಿಗೆ ಒಂದು ಮಾತು. ಯುಎಇಯಲ್ಲಿ ಅಪರಾಧಕ್ಕಾಗಿ ವಿಪಿಎನ್ ಬಳಸಿದರೆ ದಂಡ 5 ಲಕ್ಷ ದಿರ್ಹಮಿನಿಂದ ಶುರು. ಒಂದು ಸಿನೆಮಾಕ್ಕಾಗಿ ಆ ದಾರಿಯ ಹತ್ತಿರವೂ ಹೋಗಬಾರದು.

'ಇಸ್ಲಾಮೀ' ಎಂದು ಹೆಸರಿದ್ದರೆ ಸಾಕು, ಮತ್ತೆ ನೋಡಬೇಕಾಗಿಲ್ಲ ಎಂಬ ಭಾವನೆಯೂ ನಮ್ಮಲ್ಲಿದೆ. ಟರ್ಕಿಯ 'ಎರ್ತುಗ್ರುಲ್' ಸರಣಿ 2014ರಿಂದ 2019ರವರೆಗೆ ಬಂದದ್ದು. ಲಾಕ್‌ಡೌನಿನ ರಮಝಾನಿನಲ್ಲಿ ನಮ್ಮ ಮನೆಗಳಲ್ಲಿ ತರಾವೀಹ್ ಮುಗಿದ ಮೇಲೆ ಅದೇ ಮಾತು. ಒಳ್ಳೆಯ ಅಂಶಗಳು ಇಲ್ಲ ಎಂದಲ್ಲ. ಆದರೆ ಎರ್ತುಗ್ರುಲ್ ಬಗ್ಗೆ ಇತಿಹಾಸದಲ್ಲಿ ಸಿಗುವ ಮಾಹಿತಿ ಬಹಳ ಕಡಿಮೆ, ಸರಣಿಯ ಹೆಚ್ಚಿನ ಕಥೆ ಕಲ್ಪನೆ. ಮಕ್ಕಳು ಅದನ್ನೇ ಇತಿಹಾಸ ಎಂದು ಮದ್ರಸದಲ್ಲಿ ನಮ್ಮ ಹತ್ತಿರ ವಾದ ಮಾಡುತ್ತಾರೆ. 2012ರ 'ಉಮರ್' ಸರಣಿಯಲ್ಲಿ ಸಹಾಬಿಗಳ ಪಾತ್ರವನ್ನು ನಟರು ಮಾಡಿದ್ದನ್ನು ಅಲ್ ಅಝ್‌ಹರ್ ವಿರೋಧಿಸಿತ್ತು. ಅದೂ ಇರಲಿ. ಇಂಥ ಸರಣಿಗಳ ತುಂಡುಗಳನ್ನು ಯಾರ್ಯಾರೋ ತಮ್ಮ ಚಾನೆಲಿಗೆ ಹಾಕಿ ಜಾಹೀರಾತಿನ ದುಡ್ಡು ಮಾಡುತ್ತಾರೆ. ಸುಲ್ತಾನರು ದುಆ ಮಾಡುವ ದೃಶ್ಯದ ನಡುವೆ ಯಾವ ಜಾಹೀರಾತು ಬರಬೇಕು ಎಂದು ಅವರಿಗೆ ಚಿಂತೆ ಇರುವುದಿಲ್ಲ.

ಕದ್ದ ಸಿನೆಮಾದ ವಿಷಯವೂ ಇಲ್ಲೇ ಬರುತ್ತದೆ. ಜಾಹೀರಾತು ನೋಡಿ ಫ್ರೀ ಸಿನೆಮಾ ನೋಡುವುದು ಕಳ್ಳತನವಾ ಎಂದು ಒಬ್ಬರು ಕಾಕ ಕೇಳಿದ್ದರು. ಅಲ್ಲ. ಹಕ್ಕಿನವರೇ ಹಾಕಿದ್ದರೆ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ಕಳ್ಳತನವಾಗುವುದು ಟೆಲಿಗ್ರಾಮಿನಲ್ಲಿ ಬಂದ ಫೈಲು, ಪ್ಲೇಸ್ಟೋರಿನಲ್ಲಿ ಇಲ್ಲದೆ ವಾಟ್ಸಾಪಿನಲ್ಲಿ ಬಂದ ಎಪಿಕೆ, ನಿನ್ನೆ ಥಿಯೇಟರಿಗೆ ಬಂದ ಸಿನೆಮಾ ಇವತ್ತು ತೋರಿಸುವ ವೆಬ್‌ಸೈಟು. 2023ರ ತಿದ್ದುಪಡಿಯ ನಂತರ ಸಿನೆಮಾ ಕದ್ದು ರೆಕಾರ್ಡ್ ಮಾಡಿ ಹಂಚಿದವರಿಗೆ ಮೂರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ದಂಡ 3 ಲಕ್ಷದಿಂದ ಮೇಲೆ. ಯೂಟ್ಯೂಬಿನಲ್ಲೂ ಕದ್ದದ್ದನ್ನು ಗುರುತಿಸಬಹುದು. ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತದೆ, ಅಕ್ಷರಗಳು ಉಲ್ಟಾ, ಸುತ್ತ ಬಣ್ಣದ ಚೌಕಟ್ಟು, ಸ್ವರ ತೆಳು ಮಾಡಿರುತ್ತಾರೆ. ಕಂಪ್ಯೂಟರಿನ ಕಣ್ಣು ತಪ್ಪಿಸಲು ಮಾಡುವ ಉಪಾಯ ಅದು. ಇನ್ನೊಬ್ಬರ ದುಡಿಮೆಯ ಹಕ್ಕು, ಅದು ಸಿನೆಮಾದವರದ್ದಾದರೂ ಹಕ್ಕೇ.

ವಯಸ್ಸಿನ ಗುರುತು ನೋಡುವ ಅಭ್ಯಾಸ ಮಾಡಿಕೊಳ್ಳಿ. 2021ರ ಐಟಿ ನಿಯಮದ ಪ್ರಕಾರ ಒಟಿಟಿಯವರು ಪ್ರತಿ ಕಾರ್ಯಕ್ರಮಕ್ಕೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ಗುರುತು ಹಾಕಬೇಕು, 13+ ಮತ್ತು ಮೇಲಿನದಕ್ಕೆ ಹೆತ್ತವರು ಬೀಗ ಹಾಕುವ ಸೌಲಭ್ಯ ಕೊಡಬೇಕು. ಬೀಗ ಇದೆ, ಕೀಲಿ ನಾವು ತಿರುಗಿಸಬೇಕು. ಆದರೆ ಯೂಟ್ಯೂಬಿಗೆ ಯಾರ್ಯಾರೋ ಹಾಕಿದ ವೀಡಿಯೋಗೆ ಈ ಗುರುತು ಅನ್ವಯಿಸುವುದಿಲ್ಲ, ಆದ್ದರಿಂದಲೇ ಅಲ್ಲಿ ಹೆಚ್ಚು ಎಚ್ಚರ ಬೇಕು. ಅಶ್ಲೀಲತೆಗಾಗಿ 2024ರ ಮಾರ್ಚ್‌ನಲ್ಲಿ 18 ಒಟಿಟಿಗಳನ್ನು, 2025ರ ಜುಲೈಯಲ್ಲಿ ಇನ್ನೂ 25ನ್ನು ಸರಕಾರವೇ ಮುಚ್ಚಿಸಿತು ಎಂದರೆ ಗುರುತಿನ ಮೇಲೆ ಮಾತ್ರ ಭರವಸೆ ಇಟ್ಟು ಕೂರಲು ಆಗುವುದಿಲ್ಲ ಎಂದಾಯ್ತು. ಬೀಗದ ಮಾತು ಬಂದಾಗ ಬಾಪಂದಿರು ಮಕ್ಕಳ ಪ್ರೊಫೈಲ್ ಮಾತ್ರ ತೋರಿಸುತ್ತಾರೆ, ತಮ್ಮದನ್ನು ತೋರಿಸುವುದಿಲ್ಲ. ಸೂರಾ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ 30ನೇ ಆಯತ್‌ನಲ್ಲಿ ಮೊದಲು ಗಂಡಸರಿಗೆ, ಹೆಂಗಸರಿಗೆ ಅದರ ನಂತರ 31ರಲ್ಲಿ.

ಡಾಟಾ ಲೆಕ್ಕವೂ ಇರಲಿ. ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ ಒಂದು ಜಿಬಿಯವರೆಗೆ, ಎಚ್‌ಡಿಯಲ್ಲಿ ಮೂರು ಜಿಬಿಯವರೆಗೆ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್‌ನಲ್ಲಿ ಎಚ್‌ಡಿ ಸಿನೆಮಾ ಪೂರ್ತಿ ನೋಡುವುದು ಕಷ್ಟ, ಜಾಹೀರಾತಿನ ಡಾಟಾ ಕೂಡ ನಿಮ್ಮದೇ. ಫ್ರೀ ಎಂದು ಹೇಳಿ ಎಟಿಎಂ ಕಾರ್ಡಿನ ನಂಬರ್ ಕೇಳುವ ಆ್ಯಪ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಯಾರಾದರೂ ಶುರು ಮಾಡುವುದಾದರೆ ಟಿವಿಯಲ್ಲಿರುವ ಅಕೌಂಟಿನಿಂದ ಶುರು ಮಾಡಿ. ಮಗನ ಅಕೌಂಟು ತೆಗೆದು ಮನೆಗೆಂದು ಹೊಸದೊಂದು ಮಾಡಿ, ಮಕ್ಕಳಿಗೆ ಬೇರೆ ಪ್ರೊಫೈಲ್ ಹಾಕಿ, 'ಮೈ ಆ್ಯಡ್ ಸೆಂಟರ್' ಸರಿ ಮಾಡಿ, ಯುಪಿಐ ಇರುವ ಮೊಬೈಲ್ ಮಗುವಿನ ಕೈಗೆ ಕೊಡಬೇಡಿ, ಪಿನ್ ಬದಲಿಸಿ. ಆಮೇಲೆ ಅರ್ಧ ಗಂಟೆ ಕಾಗದ ಹಿಡಿದು ಕೂತು ನೋಡಿ. ಅಂಥ ಜಾಹೀರಾತು ಇನ್ನೂ ಬಂದರೆ ಆ ಆ್ಯಪ್ ನಿಮ್ಮ ಮನೆಗೆ ಹೇಳಿಸಿದ್ದಲ್ಲ, ತೆಗೆದುಬಿಡಿ. ಒಟಿಟಿ ಕಾರ್ಯಕ್ರಮದ ಮೇಲೆ ದೂರಿದ್ದರೆ ಆ ಕಂಪನಿಯ ದೂರು ಅಧಿಕಾರಿ 24 ಗಂಟೆಯೊಳಗೆ ದೂರು ಸ್ವೀಕರಿಸಿ 15 ದಿನದಲ್ಲಿ ಉತ್ತರ ಕೊಡಬೇಕು, ಅವರ ಹೆಸರು ಆ್ಯಪಿನಲ್ಲೇ ಇರಬೇಕು. ಜಾಹೀರಾತು ಒತ್ತಿ ದುಡ್ಡು ಹೋಗಿದ್ದರೆ ನಾಚಿಕೆಯಿಂದ ಬಚ್ಚಿಟ್ಟು ಕೂರಬೇಡಿ. ಆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾವು ಹೇಳಿದ ಆ ಮನೆಯವರು ಫೋನ್ ಮಾಡಿದ್ದು ಎಂಟನೇ ದಿನ.